ಚಾಕಿ ಮನೆಯ ಎರಡು ಸೆನ್ಸರು

ನನ್ನ ತಂಗಿ ಜಬೀನ್ ಹೆದರಿದ್ದನ್ನು ನಾನು ನೋಡಿರುವುದು ಒಂದೇ ಸಲ. ಅವಳು ಹುಟ್ಟಿದಾಗಿನಿಂದ ಅವಳ ಜೊತೆ ಜಗಳವಾಡಿಕೊಂಡು ಬಂದಿರುವ ಅಣ್ಣ ನಾನು, ವಾಜಿದ್. ಈ ಮಾತು ಹೇಳುವ ಹಕ್ಕು ನನಗಿದೆ. ಚಿಕ್ಕಂದಿನಲ್ಲಿ ಕರೆಂಟು ಹೊಡೆದು ಅಂಗಡಿಯ ಮೂಲೆಗೆ ಹೋಗಿ ಬಿದ್ದವಳು, ಎದ್ದು ಕೂತು ಕೇಳಿದ ಮೊದಲ ಮಾತು "ಯಾವ ವೈರು ಅದು?" ಅಂತ. ಅಂಥವಳ ಕೈ ನಡುಗಿದ್ದು ಮಳವಳ್ಳಿ ಕಡೆಯ ಒಂದು ರೇಷ್ಮೆ ಹುಳದ ಮನೆಯ ಜಗುಲಿಯಲ್ಲಿ.

ಮದ್ದೂರಿನ ಪೇಟೆ ಬೀದಿಯಲ್ಲಿ ನಮ್ಮದು ಮೋಟರ್ ರಿವೈಂಡಿಂಗ್ ಅಂಗಡಿ. ಅಬ್ಬಾ ಶುರುಮಾಡಿದ್ದು, ನಾನು ಮುಂದುವರಿಸಿದ್ದು. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ, ಹಳೆ ತಾಮ್ರ ಕಿತ್ತು, ಹೊಸದು ಸುತ್ತುವ ಕೆಲಸ. ಜಬೀನಳಿಗೆ ಅದು ಸಾಲಲಿಲ್ಲ. ಮಂಡ್ಯದಲ್ಲಿ ಐಟಿಐ ಓದಿ, ಅಲ್ಲೇ ಕಂಟ್ರೋಲ್ ಪ್ಯಾನೆಲ್ ಮಾಡುವವರ ಹತ್ತಿರ ಕೆಲಸ ಕಲಿತು ಬಂದಳು. ಮದುವೆಯಾದ ಮೇಲಾದರೂ ಮನೆಯಲ್ಲಿ ಕೂರುತ್ತಾಳೆ ಅಂತ ನೆಂಟರು ಅಂದುಕೊಂಡಿದ್ದರು. ಅವಳ ಗಂಡ ಜಕೀವುಲ್ಲಾ ಬಾಳೆಕಾಯಿ ಮಂಡಿಯವನು, ಸಾಧು ಪ್ರಾಣಿ. "ಅವಳನ್ನ ಕೂರಿಸೋ ಶಕ್ತಿ ಇದ್ದಿದ್ರೆ ನಾನು ಮಂಡಿ ಯಾಕೆ ನಡೆಸ್ತಿದ್ದೆ?" ಅಂದ. ನಮ್ಮ ಮನೆಮಾತು ಉರ್ದು. ಕೆಲಸದ ಮಾತು ಮತ್ತು ಜಗಳದ ಮಾತು ಕನ್ನಡ. ಹಾಗಾಗಿ ನಾವಿಬ್ಬರೂ ಸೇರಿದರೆ ಬಾಯಲ್ಲಿ ಬರುವುದು ಹೆಚ್ಚಾಗಿ ಕನ್ನಡವೇ.

ಅವಳ ಕೆಲಸ ನೋಡಲು ಚೆಂದ. ಒಂದೊಂದು ವೈರಿಗೂ ಅಂಕಿ ಇರುವ ಸಣ್ಣ ಕೊಳವೆ ತೊಡಿಸಿ, ಮದುವೆ ಮನೆಯ ಊಟದ ಪಂಕ್ತಿ ಕೂರಿಸಿದ ಹಾಗೆ ಸಾಲಾಗಿ ಕೂರಿಸುತ್ತಾಳೆ. ಆದರೆ ಕೆಲಸ ಮುಗಿದ ಮೇಲೆ ಅವಳು ಯಾರಿಗೂ ಹೆಚ್ಚು ವಿವರಿಸುವುದಿಲ್ಲ. "ಮುಟ್ಟಬೇಡಿ, ಅಷ್ಟೇ" ಅನ್ನುತ್ತಾಳೆ. ಎಷ್ಟೋ ಸಲ ಹೇಳಿದ್ದೇನೆ, "ಲೇ, ಜನಕ್ಕೆ ಎರಡು ಮಾತು ಬಿಡಿಸಿ ಹೇಳು" ಅಂತ. "ನೀನು ಸುತ್ತೋದು ನೋಡ್ಕೋ" ಎಂಬ ಉತ್ತರ ಸಿಕ್ಕಿದೆ.

ಆ ಚಳಿಗಾಲದಲ್ಲಿ ಅವಳಿಗೆ ಸ್ವಂತ ಹೆಸರಿನಲ್ಲಿ ಮೊದಲ ಕೆಲಸ ಸಿಕ್ಕಿತು. ಬೆಳಕವಾಡಿ ರಸ್ತೆಯಲ್ಲಿ ವನಜಾ ಅನ್ನುವವರದ್ದು ಒಂದು ಚಾಕಿ ಕೇಂದ್ರ. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳಗಳನ್ನು ಎಳೆಯ ಸೊಪ್ಪು ಕೊಟ್ಟು ಸಾಕಿ, ಸ್ವಲ್ಪ ಗಟ್ಟಿಯಾದ ಮೇಲೆ ಊರೂರಿನ ರೈತರಿಗೆ ಕೊಡುವ ಜಾಗ. "ಹುಳ ಸಾಕೋದು ಅಂದ್ರೆ ಹಸುಗೂಸು ಸಾಕಿದಂಗೆ" ಎಂದು ಆ ಕಡೆಯವರು ಹೇಳುವುದು ಸುಮ್ಮನೆ ಅಲ್ಲ. ಸ್ವಲ್ಪ ಚಳಿಯಾದರೂ ಕಷ್ಟ, ಸ್ವಲ್ಪ ಸೆಕೆಯಾದರೂ ಕಷ್ಟ. ಮನೆ ಇಪ್ಪತ್ತೇಳು, ಇಪ್ಪತ್ತೆಂಟು ಡಿಗ್ರಿಯಲ್ಲೇ ಇರಬೇಕು. ಅದನ್ನು ನೋಡಿಕೊಳ್ಳಲು ಜಗುಲಿಯ ಗೋಡೆಗೆ ಒಂದು ಕಂಟ್ರೋಲರ್ ಪೆಟ್ಟಿಗೆ, ಒಳಗೆ ಎರಡು ಸೆನ್ಸರು, ಬೆರಳುದ್ದದ ಎರಡು ಸ್ಟೀಲು ಕಡ್ಡಿಗಳು. ಮೊದಲನೆಯದು ಹೇಳಿದಂತೆ ಹೀಟರ್ ಹೊತ್ತುತ್ತದೆ, ಆರುತ್ತದೆ. ಎರಡನೆಯದು ಬರೀ ಕಾವಲಿಗೆ: ಮೂವತ್ತೊಂದು ದಾಟಿದರೆ ಸೈರನ್ ಕೂಗುತ್ತದೆ. ಎರಡರ ಅಂಕಿಯೂ ಪೆಟ್ಟಿಗೆಯ ಮೇಲೆ ಒಂದರ ಕೆಳಗೊಂದು ಕಾಣುತ್ತದೆ.

ಸೆನ್ಸರು ಕಟ್ಟುವ ದಿನ ಸಾಮಾನು ಹೊತ್ತುಕೊಂಡು ನಾನೂ ಹೋಗಿದ್ದೆ. ಹಿಂದಿನ ಸರದಿಯ ಹುಳ ಹೋಗಿ, ಮನೆ ತೊಳೆದು ಖಾಲಿ ಇತ್ತು. ಒಳಗೋಡೆಯಲ್ಲಿ ಒಂದು ಹಳೆಯ ಮರದ ಹಲಗೆ. ಅದರಲ್ಲಿ ಎರಡು ಗಾಜಿನ ಥರ್ಮಾಮೀಟರು. ಎಡಗಡೆಯದರ ಬುಡಕ್ಕೆ ಬಿಳಿ ಬಟ್ಟೆ ಸುತ್ತಿ, ಬಟ್ಟೆಯ ತುದಿಯನ್ನು ನೀರಿನ ಕುಡಿಕೆಗೆ ಇಳಿಬಿಟ್ಟಿದ್ದರು. ಒಣಗಿರುವುದು ಮನೆಯ ಬಿಸಿ ತೋರಿಸುತ್ತದೆ, ಒದ್ದೆಯಾಗಿರುವುದು ಅದಕ್ಕಿಂತ ಕಡಿಮೆ ತೋರಿಸುತ್ತದೆ. ಎರಡರ ನಡುವೆ ಎಷ್ಟು ಅಂತರ ಇದೆ ಅನ್ನುವುದರ ಮೇಲೆ ಮನೆ ತೇವವೋ ಒಣವೋ ಅಂತ ತಿಳಿಯುವುದು. ಆ ಜಾಗದಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ ಅಂತ ಜಬೀನ್ ಹಲಗೆ ಇಳಿಸಿ, ಅವೇ ಎರಡು ಮೊಳೆಗೆ ತನ್ನ ಎರಡು ಸೆನ್ಸರು ನೇತುಹಾಕಿದಳು, ಮೊದಲನೆಯದು ಎಡಕ್ಕೆ, ಎರಡನೆಯದು ಬಲಕ್ಕೆ. ಎರಡನೆಯದರ ವೈರು ಗಿಡ್ಡವಾಗಿ ಒಂದು ಕಡೆ ಜಾಯಿಂಟ್ ಹಾಕಬೇಕಾಯಿತು. ಆ ಜಾಯಿಂಟಿನ ಬಗ್ಗೆ ಅವಳಿಗೆ ಸಮಾಧಾನವಿರಲಿಲ್ಲ. ದಾರಿಯುದ್ದಕ್ಕೂ ಅದನ್ನೇ ಗೊಣಗಿದಳು.

ಒಳಗಿನ ಕೆಲಸವೆಲ್ಲ ದೇವಿರಮ್ಮ ಅನ್ನುವ ವಯಸ್ಸಾದ ಹೆಂಗಸಿನದು. ಕೇಂದ್ರ ಶುರುವಾದಾಗಿನಿಂದ ಅಲ್ಲೇ ಇದ್ದವರು. ಕೈ ತೊಳೆದು, ಕಾಲು ತೊಳೆದು, ಮಡಿಯ ಹಾಗೆ ಒಳಗೆ ಹೋಗುವವರು. ಎಲೆ ಅಡಿಕೆ ಹಾಕುವ ಚಟವನ್ನು ಹುಳಕ್ಕೋಸ್ಕರ ಬಿಟ್ಟವರು. ಜಬೀನ್ ಅವರಿಗೆ ಹೇಳಿದ್ದೂ ಅದೇ ಮಾತು: "ಅಮ್ಮ, ಇವೆರಡು ಮುಟ್ಟಬೇಡಿ." ದೇವಿರಮ್ಮ ಎರಡೂ ಕಡ್ಡಿಗಳನ್ನು ಬಹಳ ಹೊತ್ತು ನೋಡಿ, ತಲೆಯಾಡಿಸಿದರು.

ಹೊಸ ಹುಳ ಬಂದು ಕೆಲವು ದಿನ ಎಲ್ಲ ನೆಟ್ಟಗಿತ್ತು. ಒಂದು ಬೆಳಿಗ್ಗೆ, ನಾನು ಮೋಟರಿಗೆ ವಾರ್ನಿಷ್ ಹಚ್ಚುತ್ತಿದ್ದಾಗ ವನಜಾ ಅವರ ಫೋನು ಬಂತು. ಜಬೀನ್ ಸ್ಪೀಕರ್ ಹಾಕಿದಳು. ಹಿಂದಿನಿಂದ ಸೈರನ್ ಕಿರುಚುತ್ತಿತ್ತು.

"ಜಬೀನಮ್ಮ, ನಿನ್ನ ಬೋರ್ಡು ಒಂದೇ ಸಮ ಬಡ್ಕೊತಾ ಅದೆ ಕಣಮ್ಮ! ಮೇಲಿಂದು ಇಪ್ಪತ್ತೇಳು ತೋರುಸ್ತದೆ, ಕೆಳಗಿಂದು ಮೂವತ್ತೊಂದು ದಾಟ್ಬುಟ್ಟದೆ. ಒಂದೇ ಮನೇಲಿ ಎರಡೆರಡು ಲೆಕ್ಕ ಎಂಗಮ್ಮ? ಹುಳ ಬೇರೆ ಜ್ವರಕ್ಕೆ ಕೂತವೆ!"

ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂರುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಆಗ ಮನೆ ಒಣಗಿರಬೇಕು, ಸದ್ದಿರಬಾರದು, ಒಬ್ಬರನ್ನು ಬಿಟ್ಟು ಇನ್ನೊಬ್ಬರು ಒಳಗೆ ಕಾಲಿಡಬಾರದು. ಆ ಹೊತ್ತಿನಲ್ಲಿ ಸೆಕೆ ಏರಿದರೆ ಹುಳ ಪೊರೆಯೊಳಗೇ ಸಾಯುತ್ತದೆ.

ಜಬೀನ್ ಒಂದು ಕ್ಷಣ ಯೋಚಿಸಿದಳು. "ಅಕ್ಕ, ಎರಡನೇದ್ರದ್ದು ಜಾಯಿಂಟ್ ಸಡಿಲ ಆಗಿರ್ಬೇಕು. ಸಡಿಲ ಆದ್ರೆ ಅಂಕಿ ಮೇಲಕ್ಕೆ ಹೋಗುತ್ತೆ. ಸೈರನ್ ಆಫ್ ಮಾಡಿ. ಮೊದಲನೇದನ್ನ ನಂಬಿ. ನಾನು ಬರ್ತಿದೀನಿ."

ಸೈರನ್ ನಿಂತಿತು. ನಾವು ಬೈಕು ಹತ್ತಿದೆವು.

ಕಬ್ಬು ಕಡಿಯುವ ಕಾಲ. ಕೆ.ಎಂ. ದೊಡ್ಡಿಯ ಹತ್ತಿರ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ಎರಡೂ ಕಡೆ ನಿಂತು, ನಡುವೆ ಒಂದು ಬಸ್ಸು ಸಿಕ್ಕಿಕೊಂಡು, ಯಾರೂ ಹಿಂದೆ ಸರಿಯದೆ ಎಲ್ಲರೂ ಹಾರನ್ ಹೊಡೆಯುತ್ತಿದ್ದರು. ನಾನು ಬೈಕನ್ನು ಸಂದಿಯಲ್ಲಿ ತೂರಿಸುವುದಕ್ಕೆ ಒದ್ದಾಡುತ್ತಿದ್ದಾಗ ಹಿಂದಿನಿಂದ ಜಬೀನಳ ಧ್ವನಿ ಬಂತು. ಅದು ಅವಳ ಧ್ವನಿಯ ಹಾಗಿರಲಿಲ್ಲ.

"ಭಾಯ್. ಸಡಿಲ ಜಾಯಿಂಟ್ ಆದ್ರೆ ಅಂಕಿ ಕುಣಿಬೇಕು. ಮೇಲೆ ಕೆಳಗೆ ಹಾರಬೇಕು."

"ಆದ್ರೆ ಏನೀಗ?"

"ಅಕ್ಕ ಫೋನಲ್ಲಿ ಏನಂದ್ರು? ದಾಟ್ಬುಟ್ಟದೆ ಅಂದ್ರು. ಕುಣೀತದೆ ಅನ್ನಲಿಲ್ಲ. ನಿಧಾನವಾಗಿ ಒಂದೇ ಸಮ ಏರಿದೆ. ಅದು ನಿಜವಾದ ಬಿಸಿ. ಸುಳ್ಳು ಹೇಳ್ತಿರೋದು ಮೊದಲನೇದು. ಹೀಟರ್ ಇರೋದು ಅದರ ಕೈಲಿ."

ಅವಳು ಫೋನು ಹಚ್ಚಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದಳು. ಸೈರನ್ ನಿಂತಿತಲ್ಲ, ವನಜಾ ನೆಮ್ಮದಿಯಾಗಿ ಫೋನನ್ನು ಜಗುಲಿಯಲ್ಲಿಟ್ಟು ಹಿಪ್ಪುನೇರಳೆ ತೋಟಕ್ಕೆ ಇಳಿದಿದ್ದರು. ಕೂಗಿ ಎಬ್ಬಿಸಲು ಇದ್ದ ಒಂದೇ ಬಾಯಿಯನ್ನು ಜಬೀನೇ ಮುಚ್ಚಿಸಿದ್ದಳು. ಅವಳು ನನ್ನ ಭುಜ ಹಿಡಿದಿದ್ದ ಬಿಗಿಗೆ ಅಂಗಿಯ ಹೊಲಿಗೆ ಬಿಚ್ಚಿತು. ನಾನು ಬೈಕನ್ನು ಕಬ್ಬಿನ ಗದ್ದೆಯ ಬದುವಿಗೆ ಇಳಿಸಿದೆ. ಯಾರೋ ಬೈದರು. ತಿರುಗಿ ಬೈಯುವಷ್ಟು ಪುರುಸೊತ್ತು ನನಗಿರಲಿಲ್ಲ, ಅದೊಂದೇ ನನಗೆ ಆ ದಿನದ ನಷ್ಟ ಅಂತ ಆಗ ಅನ್ನಿಸಿತ್ತು.

ಕೇಂದ್ರ ತಲುಪಿದಾಗ ಬೈಕು ನಿಲ್ಲುವ ಮುಂಚೆಯೇ ಅವಳು ಹಾರಿ ಓಡಿದಳು. ಪೆಟ್ಟಿಗೆಯಲ್ಲಿ ಮೇಲಿನ ಅಂಕಿ ಇಪ್ಪತ್ತೇಳು. ಕೆಳಗಿನದು ಮೂವತ್ತಮೂರು. ಹೀಟರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಪಟ್ಟನೆ ಹೀಟರಿನ ಸ್ವಿಚ್ಚು ಇಳಿಸಿದಳು. ತೋಟದಿಂದ ವನಜಾ ಸೊಪ್ಪಿನ ಹೊರೆ ಅಲ್ಲೇ ಬಿಸಾಕಿ ಓಡಿಬಂದರು.

"ಯಾಕಮ್ಮ ಆಫ್ ಮಾಡ್ದೆ? ಜ್ವರದ ಹುಳ ತಣ್ಣಗಾದ್ರೆ ಏಳದಿಲ್ಲ ಕಣೇ!"

"ತಣ್ಣಗಿಲ್ಲ ಅಕ್ಕ. ಒಳಗೆ ಬೇಯ್ತಾ ಅದೆ. ಕಿಟಕಿ ತೆಗೆಸಿ ಮೊದಲು."

"ನೀನೇ ಅಲ್ವಾ ಏಳಿದ್ದು, ಮೊದಲ್ನೇದ ನಂಬು ಅಂತ?"

"ಹೂಂ. ತಪ್ಪು ಹೇಳ್ದೆ."

ಮುಚ್ಚಿದ ಬಾಗಿಲ ಆಚೆಯಿಂದ ದೇವಿರಮ್ಮನ ದನಿ ಬಂತು. "ಆಗ್ಲೇ ಅಂದ್ನಲ್ಲವ್ವ, ಮೈಯೆಲ್ಲ ಬೆವರ್ತದೆ ಅಂತ. ಬೋರ್ಡು ಸರಿಯಾಗೇ ಅದೆ, ಸುಮ್ಕಿರು ಅಂದ್ರಿ."

ಕಿಟಕಿಗಳು ತೆರೆದವು. ಜಬೀನ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿದಳು. ಎರಡು ಸೆನ್ಸರಿನ ವೈರುಗಳನ್ನು ಅದಲು ಬದಲು ಮಾಡಿ ಕಟ್ಟಿದಳು. ಅಂಕಿಗಳೂ ಅದಲು ಬದಲಾದವು. ಅಂದರೆ ಪೆಟ್ಟಿಗೆಯದು ತಪ್ಪಿಲ್ಲ. ಮೀಟರು ಹಿಡಿದು ಒಂದೊಂದನ್ನೂ ಅಳೆದಳು. ಆಗ ನೋಡಿದೆ: ಮೀಟರಿನ ವೈರಿನ ಮೊನೆ ಹಿಡಿದ ಕೈ ಸ್ಕ್ರೂ ಮೇಲೆ ನಿಲ್ಲುತ್ತಿಲ್ಲ. ನಾನು ಮಣಿಕಟ್ಟು ಹಿಡಿದುಕೊಂಡೆ. ಬೇರೆ ದಿನವಾಗಿದ್ದರೆ ಕೊಡವಿ ಎಸೆಯುತ್ತಿದ್ದಳು.

"ಎರಡೂ ಸರಿ ಇವೆ ಭಾಯ್," ಎಂದಳು ಮೆಲ್ಲಗೆ. "ಎರಡೂ ನಿಜವನ್ನೇ ಹೇಳ್ತಿವೆ. ಒಂದೇ ಗೋಡೆ, ಗೇಣು ದೂರ. ಹೆಂಗೆ ಸಾಧ್ಯ ಇದು?"

ಒಳಗೆ ಬಿಡಿ ಅಂತ ಕೇಳಿದರೆ ವನಜಾ ಬಾಗಿಲಿಗೆ ಅಡ್ಡ ನಿಂತರು. ಜ್ವರದ ಮನೆಗೆ ಹೊರಗಿನವರು ಬರಕೂಡದು. ಅವರೇ ಹೋಗುವುದಿಲ್ಲ, ಇನ್ನು ನಾವು ಯಾವ ಲೆಕ್ಕ. ಜಬೀನ್ ಹಿಂದುಗಡೆ ಹೋಗಿ ಕಿಟಕಿಯ ಬಲೆಗೆ ಮುಖ ಒತ್ತಿ ನಿಂತಳು. ನಾನೂ ಬಗ್ಗಿದೆ. ಒಳಗಿಂದ ಬಂದ ಬಿಸಿ ಕೆನ್ನೆಗೆ ಬಡಿಯಿತು. ತಟ್ಟೆಗಳ ಸಾಲು, ಅವುಗಳ ಮೇಲೆ ತೇವ ಹೀರಲೆಂದು ಎರಚಿದ ಸುಣ್ಣದ ಪುಡಿ, ಆಚೆ ಗೋಡೆಯಲ್ಲಿ ಎರಡು ಸೆನ್ಸರು.

ಎಡಗಡೆಯದಕ್ಕೆ ಬಿಳಿ ಬಟ್ಟೆ ಸುತ್ತಿತ್ತು. ಬಟ್ಟೆಯ ತುದಿ ನೀರಿನ ಕುಡಿಕೆಯಲ್ಲಿ ಇಳಿದಿತ್ತು. ಅಷ್ಟು ಅಚ್ಚುಕಟ್ಟಾಗಿ ಸುತ್ತಿತ್ತು ಅಂದರೆ ಆಸ್ಪತ್ರೆಯ ನರ್ಸೂ ಹಾಗೆ ಸುತ್ತಲಾರಳು.

ನನ್ನ ಬಾಯಿಂದ ಬೈಗುಳ ಹೊರಡುವುದರಲ್ಲಿತ್ತು, ಜಬೀನ್ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು. ಒದ್ದೆ ಬಟ್ಟೆ ಕಡ್ಡಿಯನ್ನು ತಣ್ಣಗಿಟ್ಟಿತ್ತು. ಮನೆ ತಣ್ಣಗಿದೆ ಅಂದುಕೊಂಡು ಪೆಟ್ಟಿಗೆ ಹೀಟರ್ ಉರಿಸಿತ್ತು. ಉರಿಸಿದಷ್ಟೂ ಮನೆ ಒಣಗಿತು, ಒಣಗಿದಷ್ಟೂ ಬಟ್ಟೆ ಇನ್ನೂ ತಣ್ಣಗಾಯಿತು.

"ದೇವಿರಮ್ಮ," ಎಂದು ಪಿಸುಗುಟ್ಟಿದಳು. ಆ ಹೆಂಗಸು ಕಿಟಕಿಯ ಹತ್ತಿರ ಬಂದರು. ಮುಖವೆಲ್ಲ ಬೆವರು. "ಅಮ್ಮ, ಆ ಬಟ್ಟೆ ಬಿಚ್ಚಿ ಸೆರಗಿಗೆ ಕಟ್ಕೊಳಿ. ಕುಡಿಕೆ ತೆಗೆದು ಮೂಲೆಗಿಡಿ."

ದೇವಿರಮ್ಮ ಬಟ್ಟೆಯನ್ನು ನೋಡಿದರು. ತೆರೆದ ಕಿಟಕಿ ನೋಡಿದರು. ಜಬೀನಳ ಮುಖ ನೋಡಿದರು. ನಿಧಾನವಾಗಿ ಅವರಿಗೆ ತಿಳಿಯಿತು. "ಅಯ್ಯೋ ಸಿವನೇ, ನನ್ನಿಂದ್ಲಾ?" ಅಂದರು. ಜಬೀನ್ ತುಟಿಯ ಮೇಲೆ ಬೆರಳಿಟ್ಟಳು.

ನಾವು ಜಗುಲಿಗೆ ಬರುವಷ್ಟರಲ್ಲಿ ಎರಡು ಅಂಕಿಗಳು ಹತ್ತಿರ ಬರುತ್ತಿದ್ದವು. ವನಜಾ ಸೊಂಟಕ್ಕೆ ಕೈಕೊಟ್ಟು ಕಾಯುತ್ತಿದ್ದರು.

"ಏನಾಗಿತ್ತು?"

"ನನ್ನ ತಪ್ಪು ಅಕ್ಕ," ಅಂದಳು ಜಬೀನ್. "ನಾನು ಸೆನ್ಸರ್ ಹಾಕಿದ್ದು ಸರಿಯಿರಲಿಲ್ಲ."

ಆಮೇಲೆ ವನಜಾ ಆಡಿದ ಮಾತೆಲ್ಲ ಬರೆಯುವುದಿಲ್ಲ. ಮೂರನೇ ಮನೆಯವರು ಬಂದು ಬೇಲಿಯ ಹತ್ತಿರ ನಿಂತರು ಅಂದರೆ ಸಾಕು. ಕೊನೆಗೆ ಹೇಳಿದ್ದು ಇದು: "ಸಂಜೆಗಂಟ ನೋಡ್ತೀನಿ. ಹುಳ ಎದ್ರೆ ಸರಿ. ಏಳ್ದಿದ್ರೆ ನಿನ್ನ ಬೋರ್ಡ ಕಿತ್ಕೊಂಡು ಓಗು. ಬೆಳಕವಾಡಿಯಿಂದ ಚಿಕ್ಕರಸಿನಕೆರೆಗಂಟ ಹುಳ ಸಾಕೋರಿಗೆಲ್ಲ ನಾನೇ ಏಳ್ತೀನಿ, ಈಯಮ್ಮನ್ನ ಮನೆ ಅತ್ರಕ್ಕೆ ಬುಡಬ್ಯಾಡಿ ಅಂತ." ಅವರ ಕಣ್ಣಲ್ಲಿ ನೀರಿತ್ತು. ಆ ಹುಳಕ್ಕೆ ಎಷ್ಟೋ ಮನೆಯವರು ತಟ್ಟೆ ತೊಳೆದಿಟ್ಟುಕೊಂಡು ಕಾಯುತ್ತಿದ್ದರು.

ಹೊಂಗೆ ಮರದ ಕೆಳಗೆ ನಾನು ಅವಳನ್ನು ಹಿಡಿದುಕೊಂಡೆ. "ತಲೆ ಕೆಟ್ಟಿದ್ಯಾ ನಿಂಗೆ? ಬಟ್ಟೆ ಕಟ್ಟಿದ್ದು ಆ ಮುದುಕಿ! ನಿನ್ನ ಹೆಸರು ಮಣ್ಣುಪಾಲಾಗ್ತದೆ ಕಣೇ. ಈಗಲೇ ಹೋಗಿ ಹೇಳ್ತೀನಿ ನಾನು."

"ಹೇಳಿದ್ರೆ ನಿನ್ನ ಜೊತೆ ಮಾತಿಲ್ಲ."

"ಯಾಕೆ ಅಂತಾದ್ರೂ ಬೊಗಳು!"

"ಆ ಮೊಳೆಗೆ ಎರಡು ನೇತುಹಾಕಿದ್ರೆ ಎಡಗಡೇದಕ್ಕೆ ನೀರು ಕೊಡಬೇಕು ಅಂತ ಆಯಮ್ಮ ಈ ಮನೇಲಿ ಕಲ್ತಿದ್ದು. ನಾನು ಅದೇ ಮೊಳೆಗೆ ಎರಡು ನೇತುಹಾಕ್ದೆ. ಮುಟ್ಟಬೇಡಿ ಅಂದೆ, ಏನು ಎತ್ತ ಹೇಳ್ಲಿಲ್ಲ." ಜಗುಲಿಯ ಪೆಟ್ಟಿಗೆಯ ಕಡೆ ನೋಡಿದಳು. "ಅದೂ ಹೋಗ್ಲಿ. ಸೈರನ್ ಕರೆಕ್ಟಾಗಿ ಕೂಗ್ತು. ಬಾಯಿ ಮುಚ್ಚಿಸಿದ್ದು ದೇವಿರಮ್ಮನಾ, ನಾನಾ?"

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಗಾದೆಯನ್ನು ಅವಳಿಗೆ ಚುಚ್ಚಬೇಕೆಂದು ಬಾಯಿ ತೆರೆದೆ. ಅವಳು ಮಣ್ಣಿನಲ್ಲಿ ಕೂತು, ಎರಡೂ ಕೈಗಳನ್ನು ಮಂಡಿಗಳ ನಡುವೆ ಒತ್ತಿ ಹಿಡಿದಿದ್ದಳು. ನನಗೆ ಅಳು ಬಂತು; ಬೀಡಿ ಹೊಗೆ ಅಂದೆ. ನಾನು ಬೀಡಿ ಸೇದುವುದಿಲ್ಲ, ಅದು ಅವಳಿಗೂ ಗೊತ್ತು.

ಮಧ್ಯಾಹ್ನ ಕಳೆಯಿತು. ವನಜಾ ನಮಗೆ ನೀರು ಕೊಡಲಿಲ್ಲ, ನಾವೂ ಕೇಳಲಿಲ್ಲ. ಜಬೀನ್ ಆಗಾಗ ಎದ್ದು ಹೋಗಿ ಪೆಟ್ಟಿಗೆ ನೋಡಿ ಬರುತ್ತಿದ್ದಳು. ಎರಡೂ ಅಂಕಿಗಳು ಈಗ ಒಂದೇ ಹೇಳುತ್ತಿದ್ದವು, ಇಪ್ಪತ್ತೇಳೂವರೆ. ಅದರಿಂದ ಯಾರಿಗೂ ಸಮಾಧಾನವಾಗಲಿಲ್ಲ. ಒಳಗೆ ಸುಣ್ಣದ ಕೆಳಗೆ ಕೂತ ಹುಳ ಬದುಕಿವೆಯೋ ಇಲ್ಲವೋ ಹೇಳುವ ಸೆನ್ಸರು ಯಾರೂ ಮಾಡಿಲ್ಲ. ಅದು ಹುಳ ತಲೆ ಅಲ್ಲಾಡಿಸಿದಾಗಲೇ ಗೊತ್ತಾಗಬೇಕು.

ಹೊತ್ತು ಇಳಿಯುವಾಗ ಬಾಗಿಲು ತೆರೆಯಿತು. ದೇವಿರಮ್ಮ ಎರಡು ತಟ್ಟೆಗಳನ್ನು ಹಿಡಿದು ಹೊರಗೆ ಬಂದು, ಒಂದನ್ನು ಜಗುಲಿಯ ಮೇಲಿಟ್ಟರು. ವನಜಾ ಬಗ್ಗಿದರು. ನಾವು ದೂರದಲ್ಲೇ ನಿಂತೆವು.

"ಇದು ಈಟರ್ ಪಕ್ಕದ್ದು," ಅಂದರು ದೇವಿರಮ್ಮ. ಆ ತಟ್ಟೆಯಲ್ಲಿ ಏನೂ ಅಲುಗಲಿಲ್ಲ. "ಇಂಥವು ಆರು ತಟ್ಟೆ ಓದೊ."

ಜಬೀನ್ ಕಣ್ಣು ಮುಚ್ಚಿಕೊಂಡಳು.

"ಮಿಕ್ಕಿದ್ದೆಲ್ಲ ಎದ್ದವೆ ಕಣವ್ವ. ಸೊಪ್ಪು ಕೇಳ್ತವೆ, ನೋಡಿ." ಎರಡನೆಯ ತಟ್ಟೆ ಇಟ್ಟರು. ಸುಣ್ಣದ ಪುಡಿಯ ನಡುವೆ, ಎಳೆ ದಾರದ ಚೂರಿನಂಥ ಹುಳಗಳು ತಲೆಯೆತ್ತಿ ಆ ಕಡೆ ಈ ಕಡೆ ಹುಡುಕುತ್ತಿದ್ದವು. ವನಜಾ ಜಗುಲಿಯ ಕಂಬ ಹಿಡಿದು ನಿಂತರು. ಆಮೇಲೆ ಜಬೀನಳ ಕಡೆ ತಿರುಗಿದರು, ಕೋಪ ಇಳಿದಿರಲಿಲ್ಲ.

"ಉಳಕೊಂಡೆ ಕಣಮ್ಮ ನೀನು. ಆದ್ರೂ ಆರು ತಟ್ಟೆ ಓಯ್ತಲ್ಲ, ನಿನ್ನ ಅಜ್ಜಿ ತಲೆ..."

"ಅವ್ಳ ಬಯ್ಬ್ಯಾಡಿ," ಅಂದರು ದೇವಿರಮ್ಮ.

ಸೆರಗಿನ ಗಂಟು ಬಿಚ್ಚಿ, ಒಣಗಿ ಮುದುರಿದ ಬಿಳಿ ಬಟ್ಟೆ ತೆಗೆದು ವನಜಾ ಮುಂದೆ ಹಿಡಿದರು. "ಇದ ಕಟ್ಟಿದ್ದು ನಾನು. ಎಡಗಡೆ ಕಡ್ಡಿಗೆ. ಈ ಮಗ ಕಿಟಕೀಲಿ ನೋಡ್ತು, ಬಾಯಿ ಬುಡ್ಲಿಲ್ಲ. ಬಚ್ಚಿಟ್ಕೊ ಅಂತು."

ವನಜಾ ಮುಖ ಕೆಂಪಾಯಿತು. "ನೀನಾ? ಮುಟ್ಟಬ್ಯಾಡಿ ಅಂತ ಅಷ್ಟು ಏಳಿದ್ಲು ಆ ಉಡುಗಿ! ಇಷ್ಟು ವರ್ಸ ಇದ್ದೂ ಬುದ್ಧಿ ಬ್ಯಾಡ್ವಾ ನಿಂಗೆ? ಯಾರಮ್ಮಿ ನಿಂಗೆ ಕಟ್ಟು ಅಂದೋರು?"

ದೇವಿರಮ್ಮ ತಲೆ ಎತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

"ನೀವೇ ಕಣವ್ವ. ಬೆಳಿಗ್ಗೆ ನಾನು ಒಳೀಕೆ ಓಗೋವಾಗ ಕೇಳಿದ್ರಲ್ಲ, ಜ್ವರ ಬಂದಾಗೆಲ್ಲ ತ್ಯಾವ ನೋಡಕ್ಕೆ ಕೇಳ್ದಂಗೆ, 'ನೀರಾಕಿದ್ಯಾ?' ಅಂತ. ಊ ಅಂದ್ಬುಟ್ಟೆ. ಊ ಅಂದ ಮ್ಯಾಲೆ ಸುಳ್ಳಾಗ್ಬಾರ್ದು ಅಂತ ಓಗಿ ಆಕ್ದೆ."

ಕೇಳಿದ್ದು ವನಜಾಗೆ ನೆನಪೇ ಇರಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಕೇಳಿಲ್ಲ ಅನ್ನುವ ಧೈರ್ಯವೂ ಬರಲಿಲ್ಲ. ಅವರು ಮೆಟ್ಟಿಲ ಮೇಲೆ ಕೂತು, ಆ ಬಟ್ಟೆಯನ್ನು ದೇವಿರಮ್ಮನ ಕೈಯಿಂದ ಇಸಿದುಕೊಂಡು ತೊಡೆಯ ಮೇಲೆ ನೆಟ್ಟಗೆ ಮಾಡತೊಡಗಿದರು.

ಕೊನೆಗೆ ಜಬೀನ್ ಹತ್ತಿರ ಹೋದಳು. "ಅಕ್ಕ, ಆ ಹಳೇ ಹಲಗೆ ಇದ್ಯಾ, ಬಿಸಾಕಿದ್ರಾ?"

"ಅಟ್ಟದ ಮ್ಯಾಲದೆ. ಯಾಕೆ?"

"ಅದನ್ನ ವಾಪಸ್ ಅದೇ ಮೊಳೆಗೆ ಹಾಕ್ತೀನಿ. ನನ್ನ ಸೆನ್ಸರಿಗೆ ಬೇರೆ ಮೊಳೆ ಹೊಡೀತೀನಿ. ನೀವು ಕೇಳೋದು ನಿಲ್ಸಲ್ಲ, ಅವರು ನೀರು ಹಾಕೋದು ನಿಲ್ಸಲ್ಲ. ಆ ನೀರಿಗೆ ಒಂದು ಜಾಗ ಬೇಕಲ್ಲ."

ಹುಳ ಎದ್ದ ಮೇಲೆ ಒಳಗೆ ಹೋಗಬಹುದು ಅಂತ ವನಜಾ ಮೊದಲ ಸಲ ದಾರಿ ಬಿಟ್ಟರು. ಕೈಕಾಲು ತೊಳೆದು ಜಬೀನ್ ಒಳಗೆ ಹೋದಳು. ಹೊಸ ಮೊಳೆಗೆ ತೂತು ಕೊರೆಯುವ ಮುಂಚೆ, ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಹಾಗೆ, ದೇವಿರಮ್ಮನನ್ನು ಪಕ್ಕಕ್ಕೆ ಕರೆದು ಒಂದೊಂದು ಕಡ್ಡಿಯನ್ನೂ ತೋರಿಸಿ ವಿವರಿಸಿದಳು: ಇದು ಹೀಟರಿನ ಕಣ್ಣು, ಇದು ಕಾವಲಿನದು, ಇದು ಒದ್ದೆಯಾದರೆ ಹೀಗಾಗುತ್ತದೆ, ಸೈರನ್ ಕೂಗಿದರೆ ಯಾರು ಏನೇ ಹೇಳಲಿ ಮೊದಲು ಜಗುಲಿಯ ಹೀಟರ್ ಸ್ವಿಚ್ಚು ಇಳಿಸಿ. "ನಾನೇ ಫೋನಲ್ಲಿ ಬೇಡ ಅಂದ್ರೂ ಇಳಿಸಿ," ಅಂದಳು. ನನ್ನ ತಂಗಿ ಒಬ್ಬರಿಗೆ ಅಷ್ಟು ಹೊತ್ತು ಬಿಡಿಸಿ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹೊರಗೆ ಮೆಟ್ಟಿಲ ಮೇಲೆ ವನಜಾ ಕೂತೇ ಇದ್ದರು. ಜಬೀನ್ ಹಲಗೆ ನೇತುಹಾಕಿ ಕೈ ಒರೆಸಿಕೊಳ್ಳುತ್ತಾ ಹೊರಬಂದಾಗ, ಅಭ್ಯಾಸ ಬಲದಿಂದಲೋ ಏನೋ, ಅವರ ಬಾಯಿಂದ ಬಂತು.

"ನೀರಾಕಿದ್ಯಾ?"

ಕೇಳಿದ ಮೇಲೆ ತಾವೇ ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡರು. ಒಳಗಿಂದ ದೇವಿರಮ್ಮ, "ಊ ಕಣವ್ವ, ಆಕಿದ್ದೀನಿ" ಅಂದರು.